ಅವಳ ಸಹಿಯೊಂದೇ ಸಾಕು: ಹಾಸನದಲ್ಲಿ ನಾವು ಮಾಡಿದ ಕೆಲಸ

ಹಾಸನದಲ್ಲಿ ಎಂ.ಎ. ಓದುವಾಗ, ಆಮೇಲೆ ಬಿ.ಇಡಿ. ಮಾಡುವಾಗ, ನಾವು ಕೆಲವು ಹುಡುಗಿಯರು ಸೇರಿ ಒಂದು ಕೆಲಸ ಹಚ್ಚಿಕೊಂಡೆವು. ಹೆಣ್ಣುಮಕ್ಕಳು ತಮ್ಮ ಮೈಯ ವಿಷಯಕ್ಕೆ ಆಸ್ಪತ್ರೆಗೋ ಕಚೇರಿಗೋ ಹೋಗಬೇಕಾಗಿ ಬಂದು ಒಬ್ಬರೇ ಹೋಗಲು ಅಂಜಿದರೆ ಅವರ ಜೊತೆ ಹೋಗುವುದು. ಗರ್ಭ ತೆಗೆಸಬೇಕು ಅನ್ನುವವಳ ಜೊತೆ ಹೋದೆವು. ಹೆರಿಗೆ ರಜೆಯ ಸಂಬಳ ಕೇಳುವವಳ ಜೊತೆ ಹೋದೆವು. 'ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಈಗ ಬೇಡ' ಎಂದು ಹೇಳಲು ಬಾಯಿ ಬಾರದವಳ ಜೊತೆಗೂ ಹೋದೆವು. ಇವು ಬೇರೆ ಬೇರೆ ಹೋರಾಟ, ಒಂದನ್ನೇ ಹಿಡಿದುಕೊಳ್ಳಿ ಎಂದು ನಮಗೆ ಬುದ್ಧಿ ಹೇಳಿದವರು ಬಹಳ. ಇಷ್ಟು ವರ್ಷ ಓಡಾಡಿದ ಮೇಲೂ ನನಗೆ ಇದೆಲ್ಲ ಒಂದೇ ಹೋರಾಟವಾಗಿಯೇ ಕಾಣುತ್ತದೆ. ಮಗು ಬೇಡ ಅನ್ನುವವಳನ್ನೂ ಮಗು ಬೇಕು ಅನ್ನುವವಳನ್ನೂ ಅದೇ ಕಿಟಕಿಯಲ್ಲಿ, ಅದೇ ದನಿಯಲ್ಲಿ ವಾಪಸ್ ಕಳಿಸುತ್ತಾರೆ. ಬೇರೆ ಊರಿನ ಕಾಲೇಜುಗಳ ಹುಡುಗಿಯರು "ಹೆಂಗ್ ಮಾಡಿದ್ರಿ ಅಕ್ಕ, ಎಲ್ಲಿಂದ ಶುರು ಮಾಡ್ಬೇಕು?" ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸಕಲೇಶಪುರದ ಕಡೆಯ ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲು ಮನೆಯಲ್ಲಿ, ಬೆಳೆದವಳು. ಅವ್ವ ಕಾಫಿ ತೋಟದ ಆಳು. ಕಾಲೇಜಿಗೆ ಬಂದದ್ದು ಸರ್ಕಾರಿ ಹಾಸ್ಟೆಲ್ ಇದ್ದದ್ದರಿಂದ. ನಮ್ಮ ಕೆಲಸ ಶುರುವಾದದ್ದೂ ಅಂಥ ಒಂದು ಹಾಸ್ಟೆಲ್ಲಿನಲ್ಲೇ.

ಅಲ್ಲಿ ಒಂದು ಪುಸ್ತಕವಿತ್ತು. ಉದ್ದನೆಯ ಹಾಜರಿ ಪುಸ್ತಕ, ಕೆಂಪು ಬಟ್ಟೆಯ ಬೈಂಡು. ಎಡಗಡೆ ಕ್ರಮಸಂಖ್ಯೆ, ಹೆಸರು, ರೂಮ್ ನಂಬರು, ಆಮೇಲೆ ತಿಂಗಳಿಗೊಂದು ಕಾಲಂ. ಪ್ರತಿ ಹುಡುಗಿಯೂ ತಾನು ಮುಟ್ಟಾದ ತಾರೀಖನ್ನು ಆ ಕಾಲಂನಲ್ಲಿ ಬರೆಯಬೇಕು. ತಡವಾದರೆ ವಾರ್ಡನ್ ಪೆನ್ಸಿಲಿನಲ್ಲಿ ಸೊನ್ನೆ ಹಾಕುತ್ತಿದ್ದರು. ಎರಡು ಸೊನ್ನೆ ಬಿದ್ದರೆ ಕೋಣೆಗೆ ಕರೆ. ನಮ್ಮ ಜೊತೆಯ ಒಬ್ಬಳಿಗೆ ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಇತ್ತು. ಮೂರು ತಿಂಗಳಿಗೊಮ್ಮೆ ಮುಟ್ಟಾದರೆ ಅದೇ ಹೆಚ್ಚು. ಅವಳ ಸಾಲಿನ ತುಂಬ ಸೊನ್ನೆ. ಊಟಕ್ಕೆ ತಟ್ಟೆ ಹಿಡಿದು ನಿಂತಾಗ ಹಿಂದಿನಿಂದ ಗುಸುಗುಸು ಶುರುವಾಗುತ್ತಿತ್ತು. ವಾರ್ಡನ್ ಕೆಟ್ಟವರೇನಲ್ಲ. "ನಿಮ್ ಒಳ್ಳೇದಕ್ಕೇ ಕಣ್ರಮ್ಮ. ನಾಳೆ ಏನಾದ್ರೂ ಆದ್ರೆ ನಿಮ್ಮಪ್ಪ ಅಮ್ಮ ಬಂದು ನನ್ನನ್ನೇ ತಾನೇ ಕೇಳೋದು?" ಎನ್ನುತ್ತಿದ್ದರು. ಹಾಗೆ ಕೇಳುವ ಅಪ್ಪಂದಿರೂ ಇದ್ದರು ಎನ್ನುವುದು ನಿಜ.

2020ರ ಫೆಬ್ರವರಿಯಲ್ಲಿ ಗುಜರಾತಿನ ಭುಜ್‌ನಲ್ಲಿ 68 ವಿದ್ಯಾರ್ಥಿನಿಯರನ್ನು, ಮುಟ್ಟಾಗಿದ್ದಾರೋ ಇಲ್ಲವೋ ನೋಡಲು, ಒಳಉಡುಪು ಬಿಚ್ಚಿಸಿ ಪರೀಕ್ಷಿಸಿದ ಸುದ್ದಿ ನಾವೆಲ್ಲ ಓದಿದ್ದೆವು. ನಮ್ಮ ಪುಸ್ತಕ ಅಷ್ಟು ದೂರ ಹೋಗಿರಲಿಲ್ಲ. ಆದರೆ ದಾರಿ ಅದೇ ಎಂದು ನಮಗೆ ಅನಿಸಿತು. ಕೆಲವರು ಧರಣಿ ಕೂರೋಣ ಎಂದರು. ಹಾಸ್ಟೆಲ್ ಸೀಟು ಹೋದರೆ ಓದೇ ನಿಲ್ಲುವ ಹುಡುಗಿಯರು ನಾವು. ಡಿ.ಸಿ. ಆಫೀಸಿನ ಮುಂದೆ ಹೆಸರು ಕೂಗಿಸಿಕೊಂಡು ಕೂರುವುದು ಮನೆಯಿಂದ ಬಂದು ಹೋಗುವವರಿಗೆ ಸುಲಭ. ಹಾಗಾಗಿ ಪರಿಚಯದ ವಕೀಲೆ ಅಕ್ಕ ಒಬ್ಬರ ಹೆಸರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿದೆವು. ಹತ್ತು ರೂಪಾಯಿ ಶುಲ್ಕ. ಯಾಕೆ ಕೇಳುತ್ತಿದ್ದೀರಿ ಎಂದು ಅರ್ಜಿದಾರರನ್ನು ಕೇಳುವಂತಿಲ್ಲ. ಕೇಳಿದ್ದು ಇಷ್ಟೇ: ವಿದ್ಯಾರ್ಥಿನಿಯರ ಮುಟ್ಟಿನ ದಿನಾಂಕ ದಾಖಲಿಸಬೇಕೆಂಬ ಆದೇಶದ ಪ್ರತಿ ಕೊಡಿ. ಅಂಥ ಆದೇಶ ಇಲ್ಲ ಎಂದು ಉತ್ತರ ಬಂತು. ಆ ಉತ್ತರದ ಜೆರಾಕ್ಸ್ ವಾರ್ಡನ್ ಮೇಜಿಗೆ ತಲುಪಿದ ಮೇಲೆ ಪುಸ್ತಕ ಕಾಣಲಿಲ್ಲ. ಯಾರನ್ನೂ ಸಸ್ಪೆಂಡ್ ಮಾಡಿಸಬೇಕಿರಲಿಲ್ಲ, ಯಾರ ಹೆಸರೂ ಪೇಪರಿಗೆ ಹೋಗಬೇಕಿರಲಿಲ್ಲ. ಅಧಿಕಾರಿ ಸಹಿ ಹಾಕಿ ಮುಗಿಸಬಹುದಾದ ಒಂದು ಸಣ್ಣ ಸಂಗತಿಯನ್ನು ಕೇಳಬೇಕು ಎನ್ನುವುದನ್ನು ನಾವು ಅಲ್ಲಿ ಕಲಿತೆವು. ಆಮೇಲಿನ ಎಲ್ಲ ಕೆಲಸದಲ್ಲೂ ಅದನ್ನೇ ಇಟ್ಟುಕೊಂಡೆವು.

ಭಾನುವಾರ ಮಹಾರಾಜ ಪಾರ್ಕಿನಲ್ಲಿ ಕೂತು ಓದುತ್ತಿದ್ದೆವು. ಅಮೆರಿಕದ ಕಪ್ಪು ಹೆಣ್ಣುಮಕ್ಕಳು 1994ರಲ್ಲಿ ಶಿಕಾಗೋದಲ್ಲಿ ಸೇರಿ, ಗರ್ಭಪಾತದ ಹಕ್ಕು ಒಂದನ್ನೇ ಕೇಳುವ ಚಳವಳಿ ನಮಗೆ ಸಾಲದು ಎಂದಿದ್ದರು. ಮಗು ಬೇಡ ಅನ್ನುವ ಹಕ್ಕು, ಬೇಕು ಅನ್ನುವ ಹಕ್ಕು, ಹುಟ್ಟಿದ ಮಗುವನ್ನು ನೆಮ್ಮದಿಯಾಗಿ ಬೆಳೆಸುವ ಹಕ್ಕು ಒಟ್ಟಿಗೇ ಬರಬೇಕು ಎನ್ನುವುದು ಅವರ ಮಾತು. ಅಲ್ಲಿಯದೇ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲೇ, ಜನಾಂಗದ ಪೆಟ್ಟು ಹೆಣ್ಣೆಂಬ ಪೆಟ್ಟು ಒಂದೇ ಮೈಮೇಲೆ ಬೀಳುವಾಗ ಅವನ್ನು ಬೇರೆ ಮಾಡಿ ನೋಡಿದರೆ ಆ ಹೆಂಗಸೇ ಕಾಣದೆ ಹೋಗುತ್ತಾಳೆ ಎಂದಿದ್ದರು. ಇದನ್ನು ಓದಿದಾಗ ನನಗೆ ಅವ್ವ ನೆನಪಾದಳು.

ಆದರೆ ನಮ್ಮ ಹುಡುಗಿಯರ ಮನಸ್ಸಿಗೆ ಹೆಚ್ಚು ನಾಟಿದ್ದು ಅಂಬೇಡ್ಕರ್ ಅವರ ವಿಷಯ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕಾರ್ಖಾನೆಯ ಹೆಂಗಸರ ಹೆರಿಗೆ ಭತ್ಯೆಯ ಮಸೂದೆಯ ಪರವಾಗಿ ಬಾಬಾಸಾಹೇಬರು ಮಾತಾಡಿದ್ದರು. ಹತ್ತು ವರ್ಷದ ಮೇಲೆ, 1938ರಲ್ಲಿ, ಅವರ ಸ್ವತಂತ್ರ ಕಾರ್ಮಿಕ ಪಕ್ಷವೇ ಅದೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಸೌಲಭ್ಯ ಬೇಕೆಂದು ನಿರ್ಣಯ ಮಂಡಿಸಿತು. ಹೆರುವವಳಿಗೆ ಕೂಲಿ ಕೊಡಿ ಎಂದವರೇ ಹೆರಬೇಡ ಅನಿಸಿದವಳಿಗೆ ದಾರಿ ಕೊಡಿ ಎಂದೂ ಕೇಳಿದ್ದಾರೆ. ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು, ಹಾಸನ ಆಗ ಆ ಸಂಸ್ಥಾನದ್ದೇ ಜಿಲ್ಲೆ. ಇದು ಪಾಶ್ಚಾತ್ಯರ ಗೀಳು ಎಂದು ಯಾರಾದರೂ ಹೇಳಿದರೆ ನಾವು ಈ ಮೂರು ಇಸವಿ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದೆವು.

ಗುಂಪಿಗೆ ಹೆಸರಿಡಲಿಲ್ಲ. ಹೆಸರಿಟ್ಟರೆ ಬ್ಯಾನರ್ ಬೇಕು, ಬ್ಯಾನರ್ ಹಿಡಿದವಳ ಫೋಟೋ ಮನೆಗೆ ಹೋಗುತ್ತದೆ. ಹಾಸ್ಟೆಲ್‌ನಿಂದ ಹಾಸ್ಟೆಲ್‌ಗೆ, ಗಾರ್ಮೆಂಟ್ಸ್ ಹುಡುಗಿಯರ ರೂಮಿನಿಂದ ರೂಮಿಗೆ, 'ಜೊತೆಗೆ ಬರ್ತಾರಂತೆ' ಎಂಬ ಮಾತು ಹಬ್ಬಿದರೆ ಸಾಕಿತ್ತು.

ಗರ್ಭಪಾತದ ವಿಷಯಕ್ಕೆ ಬಂದವಳನ್ನು ನಾವು ಕೇಳುತ್ತಿದ್ದ ಪ್ರಶ್ನೆ ಎರಡೇ: ವಯಸ್ಸೆಷ್ಟು, ಕೊನೇ ಸಲ ಮುಟ್ಟಾದದ್ದು ಯಾವಾಗ. ಯಾರಿಂದ, ಹೇಗೆ, ಯಾಕೆ ಎಂದು ಕೇಳಬಾರದು. ಅವಳೇ ಹೇಳಿದರೆ ಕೇಳಿಸಿಕೊಳ್ಳಬೇಕು, ಇನ್ನೊಬ್ಬರ ಹತ್ತಿರ ಆಡಬಾರದು. ಬಹಳ ಹುಡುಗಿಯರು ಬರುವಾಗ ಇದು ಜೈಲಿಗೆ ಹಾಕುವ ಅಪರಾಧ ಎಂದುಕೊಂಡೇ ಬರುತ್ತಿದ್ದರು. 1971ರಿಂದ ಇದಕ್ಕೆ ಕಾನೂನು ಇದೆ, 2021ರಲ್ಲಿ ತಿದ್ದುಪಡಿಯಾಗಿದೆ ಎನ್ನುವಲ್ಲಿಂದಲೇ ಶುರು ಮಾಡಿ ಹೇಳಬೇಕಿತ್ತು. ಇಪ್ಪತ್ತು ವಾರದ ತನಕ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರದ ನಡುವೆ ನಿಯಮದಲ್ಲಿ ಹೇಳಿದ ಕೆಲವು ಸಂದರ್ಭಗಳಿಗೆ ಇಬ್ಬರು ವೈದ್ಯರು ಒಪ್ಪಬೇಕು. ಗರ್ಭನಿರೋಧಕ ಕೈಕೊಟ್ಟಿತು ಎಂಬ ಕಾರಣ ಮೊದಲು ಮದುವೆಯಾದವರಿಗೆ ಮಾತ್ರ ಇತ್ತು, ತಿದ್ದುಪಡಿಯಲ್ಲಿ 'ಗಂಡ' ಹೋಗಿ 'ಸಂಗಾತಿ' ಬಂದ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟವಾಗಿ, ಮದುವೆಯಾಗದವಳನ್ನು ಇಪ್ಪತ್ತನಾಲ್ಕು ವಾರದ ಆ ಅವಕಾಶದಿಂದ ಹೊರಗಿಡುವಂತಿಲ್ಲ ಎಂದಿತು. ಈ ಕಾನೂನಿನ ಮಟ್ಟಿಗೆ ಗಂಡ ಮಾಡುವ ಬಲಾತ್ಕಾರವೂ ಬಲಾತ್ಕಾರವೇ ಎಂದೂ ಅದೇ ತೀರ್ಪು ಹೇಳಿದೆ. ನಾನು ಇದನ್ನು ಓದಿ ಹೇಳಿದಾಗ ಅತ್ತದ್ದು ಹಾಸ್ಟೆಲ್ ಹುಡುಗಿಯಲ್ಲ, ಮೂರು ಮಕ್ಕಳ ತಾಯಿ.

ಫಾರಂ ಸಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಗಳ ಆಗುವುದೇ ಅಲ್ಲಿ. ಅದು ಒಪ್ಪಿಗೆ ಪತ್ರ. ಹೆಸರು, ಇಂಥವರ ಮಗಳು ಅಥವಾ ಹೆಂಡತಿ, ವಯಸ್ಸು, ವಿಳಾಸ, 'ಗರ್ಭ ತೆಗೆಯಲು ನನ್ನ ಒಪ್ಪಿಗೆ ಇದೆ', ಕೆಳಗೆ ಸಹಿ. ಅಷ್ಟೇ. ಒಂದು ಆಸ್ಪತ್ರೆಯಲ್ಲಿ ಅರಕಲಗೂಡು ಕಡೆಯ ಅಕ್ಕನೊಬ್ಬಳ ಜೊತೆ ನಾವಿಬ್ಬರು ಹೋಗಿದ್ದೆವು. ಗಾರ್ಮೆಂಟ್ಸ್ ಕೆಲಸ, ಇಬ್ಬರು ಮಕ್ಕಳು, ಗಂಡ ಬೆಂಗಳೂರಿಗೆ ಹೋದವನು ದುಡ್ಡು ಬೇಕಾದಾಗ ಮಾತ್ರ ಬರುತ್ತಾನೆ. ಕೌಂಟರಿನಲ್ಲಿದ್ದವರು ಅವಳ ಸಹಿಯ ಕೆಳಗೆ ಬಾಲ್‌ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದರು. "ಇಲ್ಲಿ ಯಜಮಾನ್ರು ಸೈನ್ ಹಾಕ್ಬೇಕು. ಕರ್ಕೊಂಡ್ ಬನ್ನಿ, ಆಮೇಲೆ ನೋಡಣ." ಅಕ್ಕ ಎದ್ದೇಬಿಟ್ಟಳು, ಸೆರಗು ಸರಿಮಾಡಿಕೊಂಡು ಹೊರಡಲು. ಅಚ್ಚಾದ ಫಾರಂನಲ್ಲಿ ಇಲ್ಲದ ಆ ನೀಲಿ ಗೆರೆಯನ್ನು ಅವಳು ಕಾನೂನೆಂದೇ ನಂಬಿದ್ದಳು. ನನ್ನ ಜೊತೆಯವಳು ಅವಳನ್ನು ಕೂರಿಸಿ, ಬ್ಯಾಗಿನಿಂದ ಕಾಯಿದೆಯ ಜೆರಾಕ್ಸ್ ತೆಗೆದು, 3ನೇ ಕಲಮಿನ 4ನೇ ಉಪಕಲಮಿಗೆ ಬೆರಳಿಟ್ಟು, "ಸಿಸ್ಟರ್, ಹದಿನೆಂಟು ದಾಟಿದವ್ರಿಗೆ ಅವ್ರ ಒಪ್ಪಿಗೆ ಒಂದೇ ಸಾಕು ಅಂತಿದೆ. ಒಂದ್ಸಲ ಡಾಕ್ಟರಿಗೆ ತೋರಿಸ್ತೀರಾ?" ಎಂದಳು. ದನಿ ಏರಿಸಲಿಲ್ಲ. ಅವರು ಕಾಗದ ಒಳಗೆ ಒಯ್ದರು, ಸ್ವಲ್ಪ ಹೊತ್ತಿಗೆ ವಾಪಸ್ ಬಂದು "ಸರಿ, ಇವ್ರದ್ದೇ ಸಾಕಂತೆ" ಎಂದು ಹೊಸ ಫಾರಂ ಕೊಟ್ಟರು. ಅಕ್ಕ ಎರಡನೇ ಸಲ ಹೆಸರು ಬರೆಯುವಾಗ ಅಕ್ಷರ ನಿಧಾನಕ್ಕೆ, ದೊಡ್ಡದಾಗಿ ಬರೆದಳು.

ಆ ದಿನದಿಂದ ನಮ್ಮ ಪ್ರತಿಯೊಬ್ಬರ ಬ್ಯಾಗಿನಲ್ಲೂ ಜೆರಾಕ್ಸ್ ಇರಲೇಬೇಕು ಎಂದಾಯಿತು. ವೈದ್ಯರ ಜೊತೆ ವಾದಕ್ಕಿಳಿಯುವುದಕ್ಕಿಂತ ನರ್ಸುಗಳ ಹತ್ತಿರ ಮೊದಲು ಮಾತಾಡುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಅವರಲ್ಲಿ ಎಷ್ಟೋ ಜನ ನಮ್ಮಂಥ ಮನೆಗಳಿಂದಲೇ ಬಂದವರು. ದಾರಿ ತೋರಿಸಿಕೊಟ್ಟ ಸಿಸ್ಟರ್‌ಗಳ ಋಣ ನಮ್ಮ ಮೇಲಿದೆ.

2023ರ ಕೊನೆಗೆ ಕೆಲಸ ಬಹಳ ಕಷ್ಟವಾಯಿತು. ಪಕ್ಕದ ಮಂಡ್ಯದಲ್ಲಿ ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡಿ, ಹೆಣ್ಣಾದರೆ ತೆಗೆಯುತ್ತಿದ್ದ ಜಾಲ ಸಿಕ್ಕಿಬಿತ್ತು. ಅದನ್ನು ಹಿಡಿದದ್ದು ಒಳ್ಳೆಯದೇ. ಹೆಣ್ಣೆಂಬ ಒಂದೇ ಕಾರಣಕ್ಕೆ ಹುಟ್ಟಗೊಡದಿರುವುದನ್ನು ನಾವು ಯಾವ ಹಕ್ಕಿನ ಹೆಸರಿನಲ್ಲೂ ಸಮರ್ಥಿಸುವುದಿಲ್ಲ. ಆದರೆ ಆಮೇಲೆ ಎಲ್ಲರೂ ಹೆದರಿದರು. ಮೆಡಿಕಲ್ ಸ್ಟೋರಿನವರು ವೈದ್ಯರ ಚೀಟಿ ಇದ್ದರೂ ಮಾತ್ರೆ ಇಲ್ಲ ಎನ್ನತೊಡಗಿದರು. ಆರು ವಾರದ ಗರ್ಭಿಣಿಯನ್ನೂ ಅನುಮಾನದಿಂದ ನೋಡಿದರು. ಆರು ವಾರಕ್ಕೆ ಲಿಂಗ ಎಲ್ಲಿ ತಿಳಿಯುತ್ತದೆ? ಲಿಂಗ ಪತ್ತೆಯನ್ನು ತಡೆಯುವುದು 1994ರ ಕಾನೂನು, ಗರ್ಭಪಾತಕ್ಕೆ ಅವಕಾಶ ಕೊಡುವುದು 1971ರದ್ದು. ಎರಡರ ಉದ್ದೇಶವೂ ಬೇರೆ. ನಾವು ಒಂದು ಹಾಳೆ ಮಾಡಿದೆವು, ಒಂದು ಮಗ್ಗುಲಿಗೆ ಏನು ಅಪರಾಧ, ಇನ್ನೊಂದು ಮಗ್ಗುಲಿಗೆ ಏನು ಹಕ್ಕು. ಬಸ್ ಸ್ಟ್ಯಾಂಡಿನ ಸುತ್ತಲಿನ ಮೆಡಿಕಲ್‌ಗಳಿಗೆಲ್ಲ ಹಂಚಿದೆವು. ಕೆಲವರು ಅಲ್ಲೇ ಮಡಚಿ ಡ್ರಾಯರಿಗೆ ಹಾಕಿದರು, ಕೆಲವರು ಗಾಜಿನ ಕೆಳಗೆ ಇಟ್ಟರು.

ಇನ್ನು ತೋಟದ ಮಾತು.

ಲೈನ್ ಮನೆಗಳಿಗೆ ಹೋಗಿ ನಾವು ಕಾನೂನುಬದ್ಧ ಗರ್ಭಪಾತ ಎಂದು ಶುರು ಮಾಡಿದ್ದರೆ ಯಾರೂ ಬಾಗಿಲಿಗೇ ಬರುತ್ತಿರಲಿಲ್ಲ. ಅಲ್ಲಿಯ ಹೆಂಗಸರಿಗೆ ಸರ್ಕಾರ ಮಗು ತಡೆಯುವ ದಾರಿಯನ್ನು ಬೇಕಾದಷ್ಟು ಕೊಟ್ಟಿದೆ. ಎರಡು ಹೆತ್ತ ಕೂಡಲೇ ಆಪರೇಷನ್. ನನ್ನ ಅವ್ವನಿಗೆ ಆಗ ಇಪ್ಪತ್ಮೂರು. ಇಡೀ ದೇಶದ ಲೆಕ್ಕವೂ ಅದೇ ಹೇಳುತ್ತದೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಸಂತಾನಹರಣ ಚಿಕಿತ್ಸೆ ಸುಮಾರು ಶೇ. 38, ಗಂಡಸರದ್ದು ಶೇ. 0.3. ಕರ್ನಾಟಕದಲ್ಲಂತೂ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆಪರೇಷನ್ ಆಗಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ 80 ಲಕ್ಷಕ್ಕೂ ಮೇಲೆ ಸಂತಾನಹರಣ ಮಾಡಿದಾಗ ಕತ್ತರಿ ಬಿದ್ದದ್ದು ಹೆಚ್ಚಾಗಿ ಗಂಡಸರಿಗೆ. ಅದಕ್ಕೆ ಸರ್ಕಾರವೇ ಬಿತ್ತು. ಆಮೇಲೆ ಭಾರವನ್ನೆಲ್ಲ ಹೆಂಗಸರ ಮೇಲೆ ಹೊರಿಸಿದರು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಹತ್ತಾರು ಹೆಂಗಸರನ್ನು ಸಾಲಾಗಿ ಮಲಗಿಸಿ ಆಪರೇಷನ್ ಮಾಡಿ, ಹಲವರು ಸತ್ತ ಮೇಲೆ, 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನೇ ನಿಲ್ಲಿಸಿ ಎಂದು ಹೇಳಬೇಕಾಯಿತು.

ಗಂಡಸರ ಆಪರೇಷನ್ ಸುಲಭ, ಹೊಲಿಗೆಯೂ ಬೇಡ ಎಂದು ಹೇಳಿದರೆ ಗಂಡಸರಿಗಿಂತ ಮೊದಲು ಅತ್ತೆಯಂದಿರೇ ತಡೆಯುತ್ತಿದ್ದರು. "ಗಂಡಸು ಮೂಟೆ ಹೊರೋಕಾಗ್ದೆ ಕೂತ್ರೆ ಮನೆ ನಡಿಯೋದ್ ಹೆಂಗವ್ವ?" ಮೂಟೆ ಹೊರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ನಾವು ಹೇಳಿದೆವು. ಅಷ್ಟಕ್ಕೂ ಕೊಯ್ಲಿನಲ್ಲಿ ಹೆಂಗಸರೇ ಚೀಲ ಹೊತ್ತು ಕಣಕ್ಕೆ ತರುತ್ತಾರೆ, ಅವರ ಹೊಟ್ಟೆಯ ಹೊಲಿಗೆಯ ಬಗ್ಗೆ ಯಾರೂ ಯೋಚಿಸಿಲ್ಲ. ಎರಡು ಮಗುವಿನ ನಡುವೆ ಅಂತರ ಬೇಕಾದವರಿಗೆ ಕಾಪರ್-ಟಿ, ಅಂತರ ಇಂಜೆಕ್ಷನ್, ಛಾಯಾ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ಕೇಳಿ ಆರಿಸಿಕೊಳ್ಳುವಷ್ಟು ಹೊತ್ತು ಅವರಿಗೆ ಯಾರು ಕೊಟ್ಟಿದ್ದಾರೆ? ಒಬ್ಬಳಿಗೆ ಹೆರಿಗೆಯ ಜೊತೆಗೇ ಕಾಪರ್-ಟಿ ಹಾಕಿ ಕಳಿಸಿದ್ದರು. ಅದು ಒಳಗಿದೆ ಎಂದು ಅವಳಿಗೆ ಗೊತ್ತಾದದ್ದು ರಕ್ತಸ್ರಾವ ನಿಲ್ಲದೆ ನಮ್ಮ ಜೊತೆ ತೋರಿಸಲು ಬಂದ ದಿನ. ಹೀಗಾಗಿ ಕುಟುಂಬ ಯೋಜನೆಯೆಂದರೆ ಲೈನಿನಲ್ಲಿ ಯಾರೂ ನಂಬುವುದಿಲ್ಲ, ಅದು ಅವರ ತಪ್ಪಲ್ಲ.

ಅವರು ನಮ್ಮನ್ನು ಕೇಳಿದ್ದು ಹೆರಿಗೆ ಸಂಬಳ. 1961ರ ಹೆರಿಗೆ ಸೌಲಭ್ಯ ಕಾಯಿದೆ ತೋಟಗಳಿಗೂ ಅನ್ವಯವಾಗುತ್ತಿತ್ತು, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು. 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳಸಹಿತ ರಜೆ. ಆದರೆ ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಅದೇ ಮಾಲೀಕರ ಹತ್ತಿರ 80 ದಿನ ಕೆಲಸ ಮಾಡಿರಬೇಕು. ಇಲ್ಲೇ ಎಲ್ಲ ತಪ್ಪಿಹೋಗುವುದು. ಚೆಕ್‌ರೋಲಿನಲ್ಲಿ, ಅಂದರೆ ತೋಟದ ಹಾಜರಿ ಪುಸ್ತಕದಲ್ಲಿ, ಹೆಸರು ಗಂಡನದ್ದು, ಹಣ್ಣು ಕುಯ್ದದ್ದು ಇಬ್ಬರೂ. ಕೆ.ಜಿ. ಲೆಕ್ಕದಲ್ಲಿ ಕುಯ್ಯುವಾಗ ಹೆಂಡತಿಯ ಚೀಲವೂ ಗಂಡನ ಹೆಸರಿನಲ್ಲೇ ತೂಗುತ್ತದೆ. ಅವಳು ವರ್ಷವಿಡೀ ದುಡಿದರೂ ಪುಸ್ತಕದಲ್ಲಿ ಇಲ್ಲ. ನಾವು ಮಾಡಿದ್ದು ಇಷ್ಟು: ಕೊಯ್ಲು ಶುರುವಾಗುವ ಮೊದಲೇ ಲೈನಿಗೆ ಹೋಗಿ, "ತೂಕದ ಚೀಟಿ ನಿಮ್ ಹೆಸ್ರಲ್ಲೇ ಬರ್ಸಿ, ಚೀಟಿ ಎಸೀಬೇಡಿ" ಎಂದು ಹೇಳುವುದು. ನಾನು ಲೈನಿನವಳಾದ್ದರಿಂದ ಈ ಮಾತು ನನ್ನ ಬಾಯಲ್ಲಿ ಬಂದರೆ ಕೇಳುತ್ತಿದ್ದರು. ಒಬ್ಬಳು ಆ ಚೀಟಿಗಳನ್ನು ಮಗುವಿನ ಸೋಪಿನ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಕೆಲವು ಕಾಫಿ ಹಣ್ಣಿನ ರಸ ತಾಗಿ ಅಂಟಿಕೊಂಡಿದ್ದವು. ಕಾರ್ಮಿಕ ಇಲಾಖೆಯಲ್ಲಿ ಅವನ್ನು ಬಿಡಿಸಿ, ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ತೋಟದ ಲೆಕ್ಕ ಬರೆಯುವ ರೈಟರು ಆಚೆ ಕುರ್ಚಿಯಲ್ಲಿ ಕೂತಿದ್ದರು. 80 ದಾಟುತ್ತಿದ್ದಂತೆ ಅಧಿಕಾರಿ "ಸಾಕು, ಮುಂದೆ ಎಣಿಸ್ಬೇಡಿ" ಎಂದರು. ಹಣ ಒಂದೇ ಸಲಕ್ಕೆ ಬರಲಿಲ್ಲ, ಕಂತಿನಲ್ಲಿ ಬಂತು, ಆದರೆ ಬಂತು.

ಮಕ್ಕಳ ಕೋಣೆಯ ವಿಷಯದಲ್ಲಿ ಹೀಗೆ ಗೆಲ್ಲಲಾಗಲಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯ ಪ್ರಕಾರ 50 ಹೆಂಗಸರು ದುಡಿಯುವ, ಅಥವಾ ಅವರ 20 ಮಕ್ಕಳಿರುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕಿತ್ತು. ಕಾಯಿದೆಯೇ 5 ಹೆಕ್ಟೇರಿಗಿಂತ ಸಣ್ಣ ತೋಟಗಳನ್ನು ಹೊರಗಿಟ್ಟಿತ್ತು, ನಮ್ಮ ಕಡೆ ಸಣ್ಣ ತೋಟಗಳೇ ಹೆಚ್ಚು. ದೊಡ್ಡ ತೋಟವೊಂದರಲ್ಲಿ ಕೋಣೆ ತೋರಿಸಿದರು. ಗೋಡೆಯ ಮೇಲೆ ಅ ಆ ಇ ಈ, ನೆಲದ ತುಂಬ ಗೊಬ್ಬರದ ಚೀಲ. ಮಕ್ಕಳು ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಸೀರೆಯಲ್ಲಿ ಮಲಗಿದ್ದವು. ಆಲೂರು, ಬೇಲೂರು, ಸಕಲೇಶಪುರದಲ್ಲಿ ಆನೆ ಕಾಟ ಹೇಗಿದೆ ಎಂದು ಜಿಲ್ಲೆಗೆಲ್ಲ ಗೊತ್ತು. ಬೆಳಿಗ್ಗೆ ಮೊಬೈಲಿಗೆ ಆನೆ ಬಂದಿರುವ ಮೆಸೇಜು ಬಂದರೆ ನಾವು ಆಸ್ಪತ್ರೆಗೆ ಹೊರಡುವುದನ್ನೇ ಮುಂದಕ್ಕೆ ಹಾಕುತ್ತಿದ್ದೆವು. ಅಂಥ ತೋಟದಲ್ಲಿ ತೊಟ್ಟಿಲು ಮರದಡಿ ಇರುತ್ತದೆ. ಮಗುವನ್ನು ನೆಮ್ಮದಿಯಾಗಿ ಬೆಳೆಸುವ ಹಕ್ಕು ಎಂದು ಶಿಕಾಗೋದಲ್ಲಿ ಹೇಳಿದ್ದು ನಮ್ಮಲ್ಲಿ ಇಷ್ಟು ಹತ್ತಿರದ ವಿಷಯ.

ಅಸ್ಸಾಂ, ಜಾರ್ಖಂಡ್‌ನಿಂದ ಕೊಯ್ಲಿಗೆ ಬರುವ ಹೆಂಗಸರ ಪಾಡು ಇನ್ನೂ ಕಷ್ಟ. ಭಾಷೆ ಬಾರದು, ಗರ್ಭಿಣಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್ ಇರುವುದಿಲ್ಲ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಮಾತ್ರ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ನಾವು ದುಡ್ಡಿಲ್ಲದೆ ಹಾಸನಕ್ಕೂ ಸಕಲೇಶಪುರಕ್ಕೂ ಓಡಾಡಿದೆವು, ಆ ಯೋಜನೆ ಇಲ್ಲದಿದ್ದರೆ ನಮ್ಮ ಕೆಲಸ ಇಷ್ಟು ಬೆಳೆಯುತ್ತಿರಲಿಲ್ಲ. ಆದರೆ ಅದೇ ಬಸ್ಸಿನಲ್ಲಿ ನನಗೆ ಶೂನ್ಯ ಟಿಕೆಟ್, ಪಕ್ಕದಲ್ಲಿ ಕೂತ ಅಸ್ಸಾಮಿನ ಗರ್ಭಿಣಿಗೆ ಪೂರ್ತಿ ಟಿಕೆಟ್. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ವಾಪಸ್ ಕಳಿಸಿದ ತಮಿಳು ಮೂಲದ ಹೆಣ್ಣುಮಗಳು ಅವಳಿ ಕೂಸುಗಳ ಸಮೇತ ಮನೆಯಲ್ಲೇ ಸತ್ತಳು. ಆ ಸುದ್ದಿ ನಮ್ಮ ಗುಂಪಿನಲ್ಲಿ ಎಲ್ಲರಿಗೂ ನೆನಪಿತ್ತು. ಹಾಗಾಗಿ ಹೊರರಾಜ್ಯದ ಗರ್ಭಿಣಿ ಲೈನಿಗೆ ಬಂದಿದ್ದಾಳೆ ಎಂದು ಗೊತ್ತಾದ ಕೂಡಲೇ ಆಶಾ ಅಕ್ಕನನ್ನು ಹುಡುಕಿ ತಾಯಿ ಕಾರ್ಡ್ ಮಾಡಿಸುವುದನ್ನು ಮೊದಲ ಕೆಲಸ ಮಾಡಿಕೊಂಡೆವು. 'ಬಾಂಗ್ಲಾದವರಿಗೆ ಯಾಕೆ ಮಾಡಿಸ್ತೀರಾ' ಎಂದು ದಾರಿಯಲ್ಲಿ ತಡೆದು ಕೇಳಿದವರಿದ್ದಾರೆ. ಹೆರಿಗೆ ನೋವಿಗೆ ಊರು ಯಾವುದೆಂದು ಗೊತ್ತಿಲ್ಲ ಎಂದು ಆಶಾ ಅಕ್ಕನೇ ಉತ್ತರ ಕೊಟ್ಟಳು.

ನಮ್ಮೊಳಗೆ ಭಿನ್ನಾಭಿಪ್ರಾಯ ಇರಲಿಲ್ಲವೆಂದಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆಯಾದಾಗ ಪಕ್ಕದ ಚಿಕ್ಕಮಗಳೂರಿನ ಕಾಲೇಜಿನಲ್ಲಿ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು ಮುಸ್ಲಿಂ ಹುಡುಗಿಯರ ಪರ ನಿಂತರು. ನಮ್ಮ ಗುಂಪಿನ ಕೆಲವರು ಅದು ಬೇರೆ ವಿಷಯ, ಅದಕ್ಕೆ ಕೈ ಹಾಕಬಾರದು ಎಂದರು. ಮೈಮೇಲಿನ ಬಟ್ಟೆಯ ತೀರ್ಮಾನ ಅವಳದ್ದಲ್ಲ ಎಂದರೆ ಮೈಯ ತೀರ್ಮಾನ ಅವಳದ್ದು ಎಂದು ಯಾವ ಬಾಯಲ್ಲಿ ಹೇಳುವುದು ಎಂದು ಉಳಿದವರು ಕೇಳಿದೆವು. ಇಬ್ಬರು ಬಿಟ್ಟು ಹೋದರು. ಹಿಂದೆಯೇ ಬಂದು ಸೇರಿದ ಮುಸ್ಲಿಂ ಗೆಳತಿಯಿಂದಾಗಿ ನಮಗೆ ಪೆನ್ಶನ್ ಮೊಹಲ್ಲಾದ ಎಷ್ಟೋ ಮನೆಗಳ ಬಾಗಿಲು ತೆರೆಯಿತು.

ಇನ್ನೊಂದು ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಇಪ್ಪತ್ತನಾಲ್ಕು ವಾರ ದಾಟಿದ ಮೇಲೆ ಭ್ರೂಣದಲ್ಲಿ ಗಂಭೀರ ನ್ಯೂನತೆ ಇದ್ದರೆ ವೈದ್ಯಕೀಯ ಮಂಡಳಿ ಒಪ್ಪಿಗೆ ಕೊಡಬಹುದು ಎಂಬ ಕಲಮನ್ನು ಓದುತ್ತಿದ್ದಾಗ, ಹುಟ್ಟಿನಿಂದ ಕಾಲಿಗೆ ಬಲವಿಲ್ಲದ ನಮ್ಮ ಗೆಳತಿ, "ಒಳ್ಳೇ ಕೂಸಾದ್ರೆ ವಾರ ಲೆಕ್ಕ ಹಾಕ್ತಾರೆ, ನನ್ನಂಥದ್ದಾದ್ರೆ ಲೆಕ್ಕವೇ ಇಲ್ಲ. ಅವಳ ಹಕ್ಕು ಅಂದ್ರೆ ಎಲ್ಲಾ ಕೂಸಿಗೂ ಒಂದೇ ಲೆಕ್ಕ ಇರ್ಬೇಕಿತ್ತಲ್ವಾ?" ಎಂದಳು. ವಾರದ ಮಿತಿಯನ್ನು ಹೆಣ್ಣಿನ ಸ್ಥಿತಿ ನೋಡಿ ಇಡಬೇಕೇ ಹೊರತು ಭ್ರೂಣದ ಅಂಗಾಂಗ ನೋಡಿ ಅಲ್ಲ ಎನ್ನುವುದು ಅವಳ ವಾದ. ನನಗೆ ಅವಳ ಮಾತೇ ಸರಿ ಅನಿಸುತ್ತದೆ. ಆಮೇಲಿನಿಂದ ನಮ್ಮ ಹಾಳೆಯಲ್ಲಿ ಆ ಕಲಮನ್ನು ದೊಡ್ಡ ಗೆಲುವೆಂಬಂತೆ ಬರೆಯುವುದನ್ನು ಬಿಟ್ಟೆವು.

ಮುಟ್ಟಿನ ರಜೆಯ ಬಗ್ಗೆಯೂ ಹೀಗೇ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದು ದಿನ ಸಂಬಳಸಹಿತ ರಜೆಗೆ ಒಪ್ಪಿತು, ನಾನು ಸಂತೋಷಪಟ್ಟೆ. ಅವ್ವನಿಗೆ ಫೋನ್ ಮಾಡಿ ಹೇಳಿದರೆ, "ರಜೆ ಇರ್ಲಿ ಮಗ, ತೋಟದಾಗೆ ಬಟ್ಟೆ ಬದ್ಲಾಯ್ಸೋಕೆ ಒಂದು ಮರೆ ಮಾಡ್ಕೊಡ್ಲಿ" ಎಂದಳು.

2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಆದದ್ದನ್ನು ಇಲ್ಲಿ ಬಿಡುವಂತಿಲ್ಲ. ಹೆಂಗಸರ ವಿಡಿಯೋಗಳನ್ನು ತುಂಬಿದ ಪೆನ್‌ಡ್ರೈವ್‌ಗಳು ಊರ ತುಂಬ ಹರಿದಾಡಿದವು, ಅವರ ಮುಖವನ್ನೂ ಮುಚ್ಚಿರಲಿಲ್ಲ. ಮೇ 30ರಂದು ರಾಜ್ಯದ ಮೂಲೆಮೂಲೆಯಿಂದ ಜನ 'ಹೋರಾಟದ ನಡಿಗೆ ಹಾಸನದ ಕಡೆಗೆ' ಎಂದು ಬಂದು ಸೇರಿದಾಗ ನಾವೂ ನಡೆದೆವು. ಆದರೆ ಆ ತಿಂಗಳುಗಳಲ್ಲಿ ನಮ್ಮ ಹತ್ತಿರ ಬರುವವರೇ ನಿಂತುಹೋಗಿದ್ದರು. ಹಾಸನದಲ್ಲಿ ಯಾವುದೂ ಗುಟ್ಟಾಗಿ ಉಳಿಯಲ್ಲ ಎಂಬ ಭಯ. ಅಪ್ಪಂದಿರು ಹಾಸ್ಟೆಲ್‌ನಿಂದ ಮಕ್ಕಳನ್ನು ಊರಿಗೆ ಕರೆಸಿಕೊಂಡರು. ನಾವು ಇದ್ದ ವಾಟ್ಸಾಪ್ ಗುಂಪನ್ನು ಅಳಿಸಿದೆವು. ಹೆಸರು ಬರೆಯುವುದು, ಫೋಟೋ ತೆಗೆಯುವುದು, ಸ್ಕ್ಯಾನಿಂಗ್ ರಿಪೋರ್ಟನ್ನು ಫೋನಿನಲ್ಲಿ ಕಳಿಸುವುದು ಪೂರ್ತಿ ನಿಂತಿತು. ಕಾಗದ ಅವಳದ್ದು, ಅವಳ ಕೈಯಲ್ಲೇ ಇರಬೇಕು. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ವೈದ್ಯರು ಹೊರಗೆಡವಿದರೆ ಒಂದು ವರ್ಷದವರೆಗೆ ಜೈಲು ಎಂದು 2021ರ ತಿದ್ದುಪಡಿಯಲ್ಲೇ ಇದೆ. ವೈದ್ಯರಿಗೆ ಇರುವ ಕಟ್ಟು ನಮಗೂ ಇರಬೇಕು ಎಂದುಕೊಂಡೆವು. ಮತ್ತೆ ಹುಡುಗಿಯರು ಬರತೊಡಗಿದ್ದು ದಸರಾ ರಜೆ ಮುಗಿದ ಮೇಲೆ, ಅದೂ ಒಬ್ಬೊಬ್ಬರಾಗಿ.

ಹೊಸದಾಗಿ ಈ ಕೆಲಸ ಹಿಡಿಯುವವರು ಮೊದಲೇ ಕೂತು ತೀರ್ಮಾನಿಸಿಕೊಳ್ಳಬೇಕಾದ ವಿಷಯ ಹದಿನೆಂಟು ತುಂಬದ ಹುಡುಗಿಯರದ್ದು. ನಾವು ವಯಸ್ಸನ್ನು ಮೊದಲು ಕೇಳುತ್ತಿದ್ದದ್ದು ಇದಕ್ಕೇ. ಅವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಜೊತೆಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯಿದೆಯ 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ನಾವೂ ಅದರಿಂದ ಹೊರತಲ್ಲ. ಆದ್ದರಿಂದ ಅವಳು ಬಾಯಿ ಬಿಡುವ ಮೊದಲೇ ಈ ಮಾತನ್ನು ಅವಳಿಗೆ ಹೇಳುತ್ತಿದ್ದೆವು, ಮಕ್ಕಳ ಸಹಾಯವಾಣಿಯ 1098 ನಂಬರು ಕೊಡುತ್ತಿದ್ದೆವು, ವಕೀಲೆ ಅಕ್ಕನ ಜೊತೆ ಕೂರಿಸುತ್ತಿದ್ದೆವು. ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಪೊಲೀಸ್ ಎಂದ ಕೂಡಲೇ ಎದ್ದು ಹೋದ ಹುಡುಗಿಯರಿದ್ದಾರೆ. ಎಲ್ಲಿಗೆ ಹೋದರು, ಯಾರ ಕೈಗೆ ಬಿದ್ದರು ಎನ್ನುವುದು ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ.

2022ರ ಅದೇ ತೀರ್ಪಿನಲ್ಲಿ ಇದಕ್ಕೊಂದು ದಾರಿ ಇದೆ. ಹುಡುಗಿಯೂ ಅವಳ ಪೋಷಕರೂ ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ. ಆ ಪುಟವನ್ನು ಪ್ರಿಂಟ್ ಮಾಡಿಸಿ ನಾವು ಕೊಟ್ಟ ಕಡೆಯಲ್ಲೆಲ್ಲ, ಒಬ್ಬರು ವೈದ್ಯರು ಒಪ್ಪಿದರೆ ಇನ್ನೊಬ್ಬರು "ಮೇಲಿಂದ ಲೆಟರ್ ಬರ್ಲಿ" ಎಂದರು. ಆ ಲೆಟರ್‌ಗಾಗಿ ಈಗಿನ ಹುಡುಗಿಯರು ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಟ್ಟಿದ್ದಾರೆ. ಜಿಲ್ಲೆಯ ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೆ ಒಂದೇ ಸುತ್ತೋಲೆ, ತೀರ್ಪಿನ ಆ ಪ್ಯಾರಾ ಕನ್ನಡದಲ್ಲಿ, ಕೆಳಗೆ ಅಧಿಕಾರಿಯ ಸಹಿ. ಅರ್ಜಿಗೆ ಸ್ವೀಕೃತಿ ಸಂಖ್ಯೆ ಸಿಕ್ಕಿದೆ, ಕಡತ ಇನ್ನೂ ಕೇಸ್ ವರ್ಕರ್ ಮೇಜಿನ ಮೇಲಿದೆ. ಸೋಮವಾರ ಸೋಮವಾರ ಇಬ್ಬರು ಹೋಗಿ ಕೇಳಿ ಬರುತ್ತಿದ್ದಾರೆ.